ಅಕ್ಕ ಬೆಸೆದ ತಂತಿ

"ಸೆಲ್ ತೆಗದಿಯೋ ಇಲ್ಲೋ?"

ನೀರಿಗೆ ಬಿದ್ದ ವಿಡಿಯೋ ಗೇಮನ್ನು ನಾಲ್ಕು ದಿನ ಬಚ್ಚಿಟ್ಟುಕೊಂಡಿದ್ದು, ಬೇರೆ ದಾರಿ ಕಾಣದೆ ಅಕ್ಕನ ಮುಂದೆ ಇಟ್ಟಾಗ ಅವಳು ಕೇಳಿದ ಮೊದಲ ಮಾತು ಇದು. ನಾನು ಎಲೆಕ್ಟ್ರಾನಿಕ್ಸ್ ತೆಗೆದುಕೊಂಡು ಬಿ.ಎಸ್ಸಿ. ಮಾಡಿದವನು. ಅವಳು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಸೆಲ್ ನಾನು ತೆಗೆದಿರಲಿಲ್ಲ.

ನನ್ನೂರು ಎಮ್ಮಿಗನೂರು. ಕಾಲುವೆ ನೀರು ಬಂದು ಊರ ಸುತ್ತ ಭತ್ತ, ಕಬ್ಬು ಹಬ್ಬಿದ ಮೇಲೆ ಹುಟ್ಟಿದವನು ನಾನು. ಗದ್ದೆ ನಮ್ಮದಲ್ಲ, ನಾಟಿ ಹಚ್ಚುವ ಕೈ ಮಾತ್ರ ನಮ್ಮದು. ಅಪ್ಪ, ಅವ್ವ ಇಬ್ಬರೂ ಹೆಬ್ಬೆಟ್ಟು. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವರಲ್ಲಿ ನಾನೇ ಮೊದಲಿನವನು. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಎರಡನೇ ವರ್ಷ ಗಣಿತದಲ್ಲಿ ಫೇಲಾಗಿ, ಒಂದು ಸುಗ್ಗಿ ಪೂರ್ತಿ ಕಬ್ಬು ಕಡಿದು, ಅಂಗೈ ತುಂಬ ಗುಳ್ಳೆ ಎದ್ದ ಕೈಯಲ್ಲೇ ಮತ್ತೆ ಪರೀಕ್ಷೆ ಬರೆದು ಪಾಸಾದವನು. ಯಾರೂ ನನಗೆ ಪುಕ್ಕಟೆ ಕೊಟ್ಟದ್ದಲ್ಲ ಅದು ಅಂತ ಆಗ ಎಲ್ಲರ ಮುಂದೆ ಹೇಳುತ್ತಿದ್ದೆ. ಆ ಮಾತೂ ಪೂರ್ತಿ ನಿಜವಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ಗದ್ದೆಗಿಳಿದಾಗ ಬದುವಿನ ಮೇಲೆ ನನ್ನನ್ನು ಎತ್ತಿಕೊಂಡು ನಿಲ್ಲಲು ಒಬ್ಬರು ಬೇಕಾಗಿತ್ತು. ಅದಕ್ಕೇ ಅವಳ ಶಾಲೆ ನಿಂತಿತು. ಮುಂದೆ ಅವಳನ್ನು ಹೊಸಪೇಟೆಗೆ, ಚಿತ್ತವಾಡ್ಗಿಗೆ ಕೊಟ್ಟರು. ಭಾವನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟು, ಫ್ಯಾನು, ಮಿಕ್ಸಿಯ ಮೋಟಾರು ಬಿಚ್ಚಿ, ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ನಾನು ಕಾಲೇಜು ಓದಿದ್ದು ಅವರ ಮನೆಯಲ್ಲಿ ಉಂಡು, ಅವರ ಪಡಸಾಲೆಯಲ್ಲಿ ಮಲಗಿ. ಡಿಗ್ರಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಅದೇ ಪಡಸಾಲೆಯ ಗೋಡೆಗೆ ತೂಗುಹಾಕಿದವಳೂ ಅಕ್ಕನೇ. ಬಂದವರಿಗೆಲ್ಲ ತೋರಿಸುತ್ತಿದ್ದಳು. ಭಾವ ಮಾತ್ರ ತಮಾಷೆ ಮಾಡುತ್ತಿದ್ದ: "ಏನ್ರಿ ಡಿಗ್ರಿ, ಗ್ವಾಡಿ ಮ್ಯಾಗ ಕುಂತು ಅನ್ನ ಇಳಿಯಂಗಿಲ್ಲ, ಕೆಳಗ ಬಂದು ಕುಂದ್ರಿ."

ಭಾವನ ಕಣ್ಣು ಸಣ್ಣ ವಯಸ್ಸಿಗೇ ಮಂದವಾಗತೊಡಗಿತು. ದಪ್ಪ ತಂತಿಯ ಕೆಲಸ ಹೇಗೋ ಕೈ ಅಂದಾಜಿಗೆ ಮಾಡುತ್ತಿದ್ದ. ಕೂದಲಿನಂಥ ತಂತಿ ಅವನಿಂದ ಆಗುತ್ತಿರಲಿಲ್ಲ. ಅದೆಲ್ಲ ಅಕ್ಕನ ಪಾಲಿಗೆ ಬಂತು. ಅವಳು ಬಾಗಿಲ ಬೆಳಕಿನಲ್ಲಿ ಕುಂತು ಸುತ್ತುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಎಡಗೈಯ ಎರಡು ಬೆರಳ ನಡುವೆ ತಂತಿ ಹರಿಯುತ್ತಿರುತ್ತದೆ, ಬಲಗೈ ಹಿಡಿಕೆ ತಿರುಗಿಸುತ್ತದೆ, ತುಟಿ ಲೆಕ್ಕ ಹಾಕುತ್ತಿರುತ್ತದೆ. ನೂರು ಸುತ್ತು ಆದಾಗ ಒಂದು ಹುಣಸೆ ಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಬೀಜ ಬೀಳುವ ತನಕ ಅವಳನ್ನು ಯಾರೂ ಮಾತಾಡಿಸುವಂತಿಲ್ಲ. ಅದು ಮನೆಯ ಕಾನೂನು. ನೆರೆಯವರು ಬಂದರೂ ಬಾಗಿಲಲ್ಲಿ ನಿಂತು ಆ ಟಕ್ ಸದ್ದು ಕೇಳಿದ ಮೇಲೆಯೇ, "ಏನ್ ಮಾಡಕತ್ತೀ ಅಕ್ಕ?" ಅನ್ನುತ್ತಿದ್ದರು.

ನನಗೆ ಯಶವಂತನಗರದ ಕಡೆ ಗಣಿ ಕಂಪನಿಯೊಂದರ ಕಾಲೋನಿ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ ಸಿಕ್ಕಿತು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇದ್ದದ್ದು ಅಕ್ಕನ ಮನೆಯಲ್ಲೇ. ದಿನಾ ಬೆಳಿಗ್ಗೆ ಏಳಕ್ಕೆ ಚಿತ್ತವಾಡ್ಗಿ ಸ್ಟಾಪಿಗೆ ಕಂಪನಿ ಬಸ್ಸು. ಆ ಬಸ್ಸಿನಲ್ಲಿ ಒಂದು ರಿವಾಜು ಇತ್ತು. ಯಾರೂ ಎಲ್ಲೂ ಬರೆದಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಮುಂದಿನ ಮೂರು ಸಾಲು ಸ್ಟಾಫಿಗೆ, ಹಿಂದೆ ಲೇಬರ್ರು. ಮುಂದಿನ ಸೀಟುಗಳ ಮೇಲೆ ಒಂದೊಂದು ಬಿಳಿ ಟವೆಲ್ಲು ಹಾಸಿರುತ್ತಿತ್ತು. ಹಿಂದಿನವು ಮ್ಯಾಂಗನೀಸಿನ ಧೂಳು ಕುಡಿದು ಕರ್ರಗೆ. ನನ್ನ ಅಪ್ಪ ಜನ್ಮದಲ್ಲಿ ಮುಂದೆ ಕುಂತವನಲ್ಲ. ನಾನು ಮೊದಲ ದಿನ ಆ ಟವೆಲ್ಲಿನ ಮೇಲೆ ಕುಂತಾಗ ಸಂಡೂರು ಗುಡ್ಡ ಬರುವ ತನಕ ಬೆನ್ನು ಸೀಟಿಗೆ ತಾಗಿಸಿರಲಿಲ್ಲ.

ಆ ಕಂಪನಿಯ ವರ್ಕ್‌ಶಾಪಿನಲ್ಲಿ ವೈಂಡಿಂಗ್ ಸೆಕ್ಷನ್ ಅಂತ ಒಂದು ಇತ್ತು. ಸಣ್ಣ ಕಾಯಿಲ್ ಸುತ್ತಲು ಇಬ್ಬರು ಹೆಂಗಸರೂ ಇದ್ದರು. ಇದನ್ನು ಊಟಕ್ಕೆ ಕುಂತಾಗ ನಾನೇ ಬಾಯಿ ತಪ್ಪಿ ಹೇಳಿದ್ದೆ. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

"ಹೆಣ್ಮಕ್ಕಳನ್ನ ತಗೋತಾರಾ?"

"ಇಬ್ಬರು ಅದಾರ."

"ಹಂಗಾರ ಸಾಹೇಬ್ರಿಗೆ ನಂದೊಂದು ಮಾತು ಹಾಕೋ ತಮ್ಮ. ಮೋಟ್ರು ಬರೋದು ಬ್ಯಾಸಗಿಗೆ, ಕಾಲಿವಿ ಬಂದಾದಾಗ. ಉಳಿದ ದಿನ ನಾನು, ನಿಮ್ಮ ಭಾವ ಮಾರಿ ಮಾರಿ ನೋಡ್ಕಂತ ಕುಂದ್ರತೀವಿ. ಅಲ್ಲಿ ಆದ್ರ ವರ್ಷಪೂರ್ತಿ ಕೆಲಸ. ಬಸ್ಸು ಮನಿ ಮುಂದ ಬರತೈತಿ."

"ಕೇಳತೀನಿ," ಅಂದೆ.

ಆರು ತಿಂಗಳು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅನ್ನುವುದನ್ನು ಇಲ್ಲಿ ಬರೆಯದಿದ್ದರೆ ಮುಂದಿನದೆಲ್ಲ ಬರೆದು ಪ್ರಯೋಜನವಿಲ್ಲ. ಅಕ್ಕ ಅದೇ ಬಸ್ಸು ಹತ್ತುತ್ತಾಳೆ, ಹಿಂದೆ ಹೋಗಿ ಕೂರುತ್ತಾಳೆ, ಅಲ್ಲಿಂದ ಎಲ್ಲರಿಗೂ ಕೇಳುವಂತೆ, "ಲೇ ತಮ್ಮಾ, ಬುತ್ತಿ ಮರ್ತು ಬಂದೀಯಲ್ಲೋ" ಅಂತ ಕೂಗುತ್ತಾಳೆ. ಇದು ನನ್ನ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಪಕ್ಕದ ಟವೆಲ್ಲಿನ ಮೇಲೆ ಕುಂತ ಅಕೌಂಟೆಂಟು ತಿರುಗಿ ನೋಡುತ್ತಾನೆ. ಅಷ್ಟೇ. ಬೇರೆ ಯಾವ ದೊಡ್ಡ ಕಾರಣವೂ ಇರಲಿಲ್ಲ. ಅಕ್ಕ ಕೇಳಿದಾಗೆಲ್ಲ "ಸಾಹೇಬ್ರು ಊರಾಗಿಲ್ಲ", "ಆಡಿಟ್ ನಡದೈತಿ" ಅನ್ನುತ್ತಿದ್ದೆ. ಅವಳು ನಂಬುತ್ತಿದ್ದಳು. ಓದಿದವನ ಮಾತಲ್ಲವೆ.

ಇನ್ನು ಗೇಮಿನ ವಿಷಯ.

ಶಾಲೆಯಿಂದ ಹಂಪಿಗೆ ಪಿಕ್ನಿಕ್ಕು ಹೋಗಿದ್ದೆವು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಗುಡಿ ಗೋಪುರ ಒಂದನ್ನೂ ನೋಡದೆ ಬಗ್ಗಿಕೊಂಡು ಏನೋ ಒತ್ತುತ್ತಿದ್ದಳು. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮು. ಗಾಜಿನೊಳಗೆ ಮೇಲಿಂದ ಕರಿ ಇಟ್ಟಿಗೆ ಬೀಳುತ್ತವೆ, ತಿರುಗಿಸಿ ಸಾಲು ಕೂಡಿಸಬೇಕು, ಸಾಲು ತುಂಬಿದರೆ ಮಾಯ. ಅವಳು ವರ್ಕ್‌ಶಾಪ್ ಇಂಜಿನಿಯರ್ ಸಾಹೇಬರ ಮಗಳು. ಸಾಹೇಬರು ಮದ್ರಾಸಿಗೆ ಹೋದಾಗ ತಂದುಕೊಟ್ಟದ್ದಂತೆ. "ಸಂಜೆ ಕೊಡ್ತೀನಿ" ಅಂತ ಇಸಿದುಕೊಂಡೆ. ಮೇಷ್ಟ್ರು ಮಾಡಬೇಕಾದ ಕೆಲಸವೇ ಅದು.

ಮಕ್ಕಳು ಬುತ್ತಿ ಬಿಚ್ಚಿದಾಗ ನಾನು ಬಾಳೆತೋಟದ ಪಕ್ಕದ ಹಳೇ ಕಾಲುವೆಯ ಕಲ್ಲಿನ ಮೇಲೆ ಹೋಗಿ ಕುಂತು, ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, ಅದನ್ನು ಜೇಬಿನಿಂದ ತೆಗೆದೆ. ಎಲೆಕ್ಟ್ರಾನಿಕ್ಸ್ ಓದಿದವನು, ಅಂಥದ್ದೊಂದನ್ನು ಅಲ್ಲಿಯವರೆಗೆ ಕೈಯಲ್ಲಿ ಹಿಡಿದಿರಲಿಲ್ಲ. ಮೊದಲ ಸಲ ಬೇಗ ಸೋತೆ. ಎರಡನೇ ಸಲ ಎಂಟು ಸಾಲು. ಮೂರನೇ ಸಲ ಕೈ ಕುದುರಿತ್ತು. ಆಗ ಹಿಂದಿನಿಂದ ಹೆಡ್‌ಮಾಸ್ತರರು, "ಊಟ ಆಯ್ತೇನ್ರಿ?" ಅಂದರು. ಬೆಚ್ಚಿಬಿದ್ದೆ. ಗೇಮು ಕೈ ಜಾರಿ ಕಾಲುವೆಗೆ ಬಿತ್ತು. ಮೊಣಕಾಲುದ್ದ ನೀರು, ಕೆಳಗೆ ರಾಡಿ. ಪ್ಯಾಂಟಿನ ಸಮೇತ ಇಳಿದು ಹುಡುಕಿ ತೆಗೆಯುವುದಕ್ಕೆ ಹತ್ತು ನಿಮಿಷ ಹಿಡಿಯಿತು. ನೀರು ಕುಡಿಯಲು ಬಗ್ಗಿದಾಗ ಜೇಬಿನಿಂದ ಬಿತ್ತು ಅಂತ ಎಲ್ಲರಿಗೂ ಹೇಳಿದೆ. ಹುಡುಗಿ ಅಳಲಿಲ್ಲ, ಬೈಯಲಿಲ್ಲ. "ಸರ್, ನೀವು ಎಲೆಕ್ಟ್ರಾನಿಕ್ಸ್ ಅಲ್ವಾ, ರಿಪೇರಿ ಮಾಡ್ತೀರಾ?" ಅಂದಳು. "ಅದೇನ್ ದೊಡ್ಡದು, ಒಂದು ವಾರದಾಗ ಕೊಡತೀನಿ" ಅಂದೆ.

ನಮ್ಮೂರಲ್ಲಿ ವಾಚು ನೀರಿಗೆ ಬಿದ್ದರೆ ಭತ್ತದ ಚೀಲದಲ್ಲಿ ಹೂಳುತ್ತಾರೆ. ಭತ್ತ ತೇವ ಎಳೆದುಕೊಳ್ಳುತ್ತದೆ ಅಂತ ನಂಬಿಕೆ. ಅಪ್ಪ ಕಂಪ್ಲಿ ಬಸ್ಸಿನ ಮೇಲೆ ಹಾಕಿ ಕಳಿಸಿದ ಒಂದು ಚೀಲ ಭತ್ತ ಅಕ್ಕನ ಮನೆಯ ಮೂಲೆಯಲ್ಲಿತ್ತು. ನಾನು, ಗೋಡೆಯ ಮೇಲೆ ಕಟ್ಟು ಹಾಕಿದ ಡಿಗ್ರಿ ಇರುವವನು, ಆ ಒದ್ದೆ ಗೇಮನ್ನು ಸೆಲ್ಲಿನ ಸಮೇತ ಒಯ್ದು ಅದರೊಳಗೆ ಹೂತೆ. ಓದಿದ್ದು ಒಂದಕ್ಷರವೂ ಆ ಹೊತ್ತಿಗೆ ನೆನಪಾಗಲಿಲ್ಲ. ಎರಡನೇ ದಿನ ತಡೆಯಲಾರದೆ ತೆಗೆದು ಸ್ವಿಚ್ ಒತ್ತಿ ನೋಡಿದೆ. ಗಾಜಿನ ಒಂದು ಮೂಲೆ ಕಪ್ಪಾಗಿ, ಕೀರಲು ದನಿಯೊಂದು ಬಂದು ನಿಂತಿತು. ಮತ್ತೆ ಹೂತೆ. ನಾಲ್ಕನೇ ದಿನ ತೆಗೆದಾಗ ಅದೂ ಇಲ್ಲ.

ಅವತ್ತು ಅಕ್ಕನ ಮುಂದೆ ಇಟ್ಟೆ. ಬೀಜ ಬೀಳುವ ತನಕ ಕಾದು.

"ಸೆಲ್ ತೆಗದಿಲ್ಲ," ಅಂದೆ.

"ಸ್ವಿಚ್ಚೂ ಹಾಕಿದಿ?"

"ಎರಡು ಸಲ."

ಭಾವ ಬಾಗಿಲಲ್ಲಿ ಕುಂತಿದ್ದ. "ನೀರು ಕುಡದ ಮೋಟ್ರಿಗೆ ಕರೆಂಟ್ ಕೊಟ್ಟಂಗ ಆತು ನೋಡು. ನಮ್ಮ ಗಿರಾಕಿಗೋಳು ಎಲ್ಲಾ ಡಿಗ್ರಿ ಮಾಡ್ಯಾರೇನು ಮತ್ತ?" ಅಂತ ನಕ್ಕ. ಅಕ್ಕ ನಗಲಿಲ್ಲ. ಸಣ್ಣ ಸ್ಕ್ರೂಡ್ರೈವರ್ ತಂದು ಸೆರಗಿಗೆ ಒರೆಸಿಕೊಂಡು, ಹಿಂದಿನ ಮುಚ್ಚಳ ಬಿಚ್ಚಿದಳು. ಸೆಲ್ಲಿನ ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು. ಹಸಿರು ಬೋರ್ಡಿನ ಮೇಲೆ ಕಾಲುವೆಯ ರಾಡಿ ಪದರ ಕಟ್ಟಿ ಒಣಗಿತ್ತು. ಅದಕ್ಕೆ ಭತ್ತದ ಸುಂಕು, ಧೂಳು ಅಂಟಿ, ಹಿಟ್ಟು ಕಲಸಿದಂತೆ ಆಗಿತ್ತು.

"ಇದನ್ನ ಭತ್ತದಾಗ ಹೂತಿದ್ದಿ?"

ನಾನು ಮೂಲೆಯ ಚೀಲದ ಕಡೆ ನೋಡಿದೆ.

"ಅಯ್ಯ ಶಿವನೇ. ನಾನು ನಿನ್ನ ಬದುವಿನ ಮ್ಯಾಲ ಎತ್ತಿಕೊಂಡು ನಿಂತಿದ್ದು ಭತ್ತದ ಬುದ್ಧಿ ಬರಲಿ ಅಂತಲ್ಲಲೇ."

ಗಾಜಿನ ಭಾಗ ಬಿಡಿಸಿ ಒಣ ಬಟ್ಟೆಯ ಮೇಲೆ ಇಟ್ಟಳು. ಆಮೇಲೆ ಭಾವನ ಅಂಗಡಿಯಿಂದ ಬ್ಯಾಟರಿಗೆ ಹಾಕುವ ನೀರಿನ ಬಾಟ್ಲಿ ತರಿಸಿ, ಬೋರ್ಡನ್ನು ತಾಟಿನಲ್ಲಿ ಇಟ್ಟು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯತೊಡಗಿದಳು. ನನ್ನ ಜೀವ ಹೌಹಾರಿತು.

"ಅಕ್ಕಾ! ನೀರಿಗೆ ಬಿದ್ದು ಕೆಟ್ಟದ್ದನ್ನ ಮತ್ತ ನೀರಾಗ ತೊಳಿತಿ?"

"ನೀರಿನಿಂದ ಕೆಡಂಗಿಲ್ಲ ತಮ್ಮ. ನೀರಿನಾಗ ಇರ್ತೈತಲ್ಲ ರಾಡಿ, ಉಪ್ಪು, ಅದರಿಂದ ಕೆಡತೈತಿ. ಮೋಟ್ರು ಕಾಲಿವಿಗೆ ಬಿದ್ರ ಮದ್ಲ ಒಳ್ಳೆ ನೀರಾಗ ತೊಳಿಬೇಕು, ಆಮ್ಯಾಲ ಒಣಗಿಸಬೇಕು, ಪೂರ್ತಿ ಒಣಗೂ ತನಕ ಕರೆಂಟಿನ ಹೆಸರು ಎತ್ತಬಾರದು. ನಿಮ್ಮ ಪುಸ್ತಕದಾಗ ಇಲ್ಲೇನು?"

ಇತ್ತು. ಶುದ್ಧ ನೀರು ವಿದ್ಯುತ್ತನ್ನು ಬಿಡುವುದಿಲ್ಲ ಅಂತ ನಾನೇ ಎಂಟನೇ ಕ್ಲಾಸಿಗೆ ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟಿದ್ದೆ.

ತಗಡಿನ ಡಬ್ಬಿಯೊಳಗೆ ಸಣ್ಣ ಬಲ್ಬು ಉರಿಯುವ ಒಂದು ಪೆಟ್ಟಿಗೆ ಅವರ ಮನೆಯಲ್ಲಿತ್ತು. ಸುತ್ತಿದ ಕಾಯಿಲ್‌ಗಳ ವಾರ್ನಿಶ್ ಒಣಗಿಸಲು. ಬೋರ್ಡನ್ನು ಅದರೊಳಗೆ, ಬಲ್ಬಿನಿಂದ ದೂರ, ಎರಡು ದಿನ ಇಟ್ಟಳು. ನಾನು ಬಂದು ಬಂದು ಇಣುಕಿದರೆ ಕೈ ಮೇಲೆ ಹೊಡೆಯುತ್ತಿದ್ದಳು. "ಬ್ಯಾಡ ಅಂದೆನಿ. ಬಾಣಂತಿ ಕೋಣಿ ಐತಿ ಅಂತ ತಿಳಿ." ಸ್ಪ್ರಿಂಗಿನ ಕಿಲುಬನ್ನು ಮರಳುಕಾಗದದಿಂದ ತಿಕ್ಕಿ ಬೆಳ್ಳಗೆ ಮಾಡಿದಳು. ಗಾಜಿಗೂ ಬೋರ್ಡಿಗೂ ನಡುವೆ ಕೂರುವ ರಬ್ಬರ್ ಪಟ್ಟಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಳು. ಎಲ್ಲ ಕೂಡಿಸಿ ಹೊಸ ಸೆಲ್ ಹಾಕಿದರೂ ಗೇಮು ಮಾತಾಡಲಿಲ್ಲ.

"ಈಗ ನಿನ್ನ ಕೆಲಸ," ಅಂದಳು. "ನಿಂದು ಮೀಟ್ರು ತಾ."

ಕಾಲೇಜಿನಲ್ಲಿದ್ದಾಗ ಕೊಂಡ ಮಲ್ಟಿಮೀಟರ್ ನನ್ನ ಟ್ರಂಕಿನಲ್ಲಿತ್ತು. ಸೆಲ್ಲಿನಿಂದ ಹೊರಟ ತಾಮ್ರದ ಗೆರೆಯನ್ನು ಹಿಡಿದು, ಮೀಟರಿನ ಎರಡು ಕಡ್ಡಿ ಇಟ್ಟು, ಒಂದೊಂದೇ ಅಂಗುಲ ಮುಂದೆ ಹೋದೆ. ಒಂದು ಕಡೆ ಮುಳ್ಳು ಏಳಲಿಲ್ಲ. ಕಿಲುಬು ಗೆರೆಯನ್ನು ತಿಂದುಹಾಕಿತ್ತು. ಸೆಲ್ ತೆಗೆಯದೆ ಬಿಟ್ಟ ನಾಲ್ಕು ದಿನದ ಊಟ ಅದು. ಅಕ್ಕ ತನ್ನ ಎಲ್ಲಕ್ಕಿಂತ ಸಣ್ಣ ತಂತಿಯನ್ನು ಬೆರಳುದ್ದ ಕತ್ತರಿಸಿದಳು. ಎರಡೂ ತುದಿಯ ಬಣ್ಣವನ್ನು ಬ್ಲೇಡಿನಿಂದ ಕೆರೆದಳು. ಉಸಿರು ಬಿಗಿಹಿಡಿದು, ಬೆಸುಗೆಯ ಬಿಸಿ ಕಡ್ಡಿಯನ್ನು ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ತಾಗಿಸಿದಳು. ಅಕ್ಕಿಕಾಳಿಗಿಂತ ಸಣ್ಣ ಎರಡು ಹೊಳೆವ ಚುಕ್ಕಿ, ನಡುವೆ ಕೂದಲಿನಂಥ ತಂತಿ, ಹಳೇ ಗೆರೆ ಹೋದ ದಾರಿಯಲ್ಲೇ ಬಾಗಿ ಮಲಗಿತ್ತು. ಕೊನೆಗೆ ರೂಢಿಯಂತೆ ಅದರ ಮೇಲೆ ಒಂದು ಹನಿ ವಾರ್ನಿಶ್.

ಸ್ವಿಚ್ ಒತ್ತಿದಾಗ ಗೇಮು ತನ್ನ ಪಿಳ್ ಪಿಳ್ ಹಾಡು ಹಾಡಿತು. ಭಾವ ಕುಂತಲ್ಲೇ ಚಪ್ಪಾಳೆ ತಟ್ಟಿದ. ಅಕ್ಕ ಎರಡು ಆಟ ಆಡಿದಳು, ಎರಡರಲ್ಲೂ ಸೋತಳು. "ಇದಕ್ಕ ಇಷ್ಟು ಹಾರಾಡಿದೇನು?" ಅಂತ ಕೈಗಿಟ್ಟಳು. ಮರುದಿನ ಬೆಳಿಗ್ಗೆ, ನಾನು ಬಸ್ಸಿಗೆ ಹೊರಡುವಾಗ, ಬಾಗಿಲ ತನಕ ಬಂದು ಮೆಲ್ಲಗೆ ಹೇಳಿದಳು: "ಆ ಹುಡುಗಿ ಅಪ್ಪ ವೈಂಡಿಂಗ್ ಸೆಕ್ಷನ್ನಿನ ಸಾಹೇಬ್ರೇ ಅಲ್ಲ? ಈಗ ನಂದು ಮಾತು ತೆಗಿಯಾಕ ನಿನಗ ಛಲೋ ಆತು."

ಅದಕ್ಕಿಂತ ಛಲೋ ಸಂದರ್ಭ ಹುಡುಕಿದರೂ ಸಿಗುತ್ತಿರಲಿಲ್ಲ.

ಸಾಹೇಬರು ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ಗೇಮನ್ನು ಅವರ ಆಫೀಸಿಗೇ ಒಯ್ದೆ. ಆಗ ಅಲ್ಲಿ ಅಕೌಂಟೆಂಟು ಮತ್ತೆ ನಮ್ಮ ಹೆಡ್‌ಮಾಸ್ತರರು ಚಹಾ ಕುಡಿಯುತ್ತ ಕುಂತಿದ್ದರು. ಸಾಹೇಬರು ಸ್ವಿಚ್ ಒತ್ತಿ ನೋಡಿ ಖುಷಿಪಟ್ಟರು. ಆಮೇಲೆ, ಇಂಜಿನಿಯರ್ ಬುದ್ಧಿ, ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದು ಹಿಂದಿನ ಮುಚ್ಚಳ ಬಿಚ್ಚಿದರು. ಕನ್ನಡಕ ಹಣೆಗೇರಿಸಿ ಬೋರ್ಡನ್ನು ಕಣ್ಣಿನ ಹತ್ತಿರ ಹಿಡಿದರು.

"ಇದು ವೈಂಡಿಂಗ್ ತಂತಿ ಅಲ್ವೇನ್ರೀ? ವಾರ್ನಿಶ್ ಬೇರೆ ಹಾಕಿದಾರೆ. ಎಷ್ಟು ಚೊಕ್ಕಟವಾಗಿ ಬೆಸೆದಿದಾರೆ ನೋಡ್ರೀ. ಯಾರು ಮಾಡಿದ್ದು ಇದನ್ನ?"

ಅಕೌಂಟೆಂಟು ಚಹಾದ ಕಪ್ಪು ಕೆಳಗಿಟ್ಟು ನನ್ನ ಕಡೆ ನೋಡಿದ.

"ನಾನೇ ಸರ್," ಅಂದೆ.

ಮೀಟರ್ ಹಿಡಿದವನು ನಾನೇ ಅಲ್ಲವೆ ಅಂತ ಒಳಗೊಳಗೇ ಅಂದುಕೊಂಡೆ. ಎಷ್ಟು ಬೇಗ ಆ ಸಮಾಧಾನ ಹುಟ್ಟಿತು ಅಂದರೆ, ಅದು ಮೊದಲೇ ತಯಾರಾಗಿ ಕುಂತಿತ್ತೇನೋ.

"ಭೇಷ್! ನಾನೇನೋ ಅಂದ್ಕೊಂಡೆ, ಹೊರಗೆ ಯಾರೋ ಒಳ್ಳೇ ವೈಂಡರ್ ಸಿಕ್ಕಿದಾರೆ ನಿಮಗೆ ಅಂತ," ಅಂದರು ಸಾಹೇಬರು. "ಸೆಕ್ಷನ್ನಲ್ಲಿ ಒಂದು ಜಾಗ ಖಾಲಿ ಇದೆ. ಇಂಥ ಕೈ ಸಿಕ್ಕಿದ್ರೆ ನಾಳೇನೇ ಕರೆಸ್ತಿದ್ದೆ. ನಿಮ್ಮನ್ನ ಅಲ್ಲಿ ಕೂರಿಸೋಕಾಗತ್ತೇನ್ರೀ, ನೀವು ಮೇಷ್ಟ್ರು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಯಿ ತೆರೆಯಲು ಆಗಲೂ ಸಮಯವಿತ್ತು. "ಸರ್, ನಿಜ ಹೇಳಬೇಕಂದ್ರೆ ನಮ್ಮಕ್ಕ" ಅನ್ನುವ ನಾಲ್ಕು ಶಬ್ದ. ಹೆಡ್‌ಮಾಸ್ತರರು, "ನಮ್ಮ ಸ್ಟಾಫು ಸರ್!" ಅಂತ ನನ್ನ ಬೆನ್ನು ತಟ್ಟಿದರು. ಆ ತಟ್ಟಿದ ಕೈ ಎಷ್ಟು ಹಿತವಾಗಿತ್ತು ಅಂತ ಇವತ್ತಿಗೂ ನೆನಪಿದೆ. ಅದು ನೆನಪಾದಾಗಲೇ ಹೆಚ್ಚು ನಾಚಿಕೆಯಾಗುತ್ತದೆ, ಸುಳ್ಳು ಹೇಳಿದ್ದು ನೆನಪಾದಾಗ ಅಷ್ಟಿಲ್ಲ.

ಸಂಜೆ ಅಕ್ಕ ಕೇಳಿದಳು. "ಏನಂದ್ರು?"

"ಖುಷಿ ಆದ್ರು."

"ನಂದು ಮಾತು?"

"ಸುತ್ತ ಮಂದಿ ಇದ್ರು. ಇನ್ನೊಮ್ಮಿ ಹೇಳತೀನಿ."

ಅವಳು ಬಿಸಿ ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟಳು. ಗೇಮು ರಿಪೇರಿಯಾದ ಖುಷಿಗೆ ತರಿಸಿದ್ದ ಬೆಣ್ಣೆ.

ಹನ್ನೊಂದು ದಿನ ಹೀಗೇ ಹೋಯಿತು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಇವತ್ತು ಹೇಳಬೇಕು ಅಂದುಕೊಳ್ಳುವುದು, ವರ್ಕ್‌ಶಾಪಿನ ಗೇಟು ಕಂಡಾಗ ನಾಳೆ ಅಂದುಕೊಳ್ಳುವುದು. ಹೇಳಿದರೆ ಕೆಲಸ ಕೇಳಿದ ಹಾಗಲ್ಲ ಈಗ, ಸುಳ್ಳ ಅನ್ನಿಸಿಕೊಂಡ ಹಾಗೆ. ಹನ್ನೊಂದನೇ ದಿನ ಸಾಹೇಬರು ಒಂದು ಟ್ರಾನ್ಸಿಸ್ಟರ್ ರೇಡಿಯೋ ಕಳಿಸಿಕೊಟ್ಟರು, ಹೊರಗೆ ಮಳೆಗೆ ನೆನೆದದ್ದು. "ನಿಮ್ಮ ಕೈಗುಣ ಇದಕ್ಕೂ ತೋರಿಸಿ ಮೇಷ್ಟ್ರೇ" ಅಂತ ಚೀಟಿ.

ಅದನ್ನು ಒಯ್ದು ಅಕ್ಕನ ಮುಂದೆ ಇಟ್ಟೆ. ಅವಳು ಕಾಯಿಲ್ ಬದಿಗಿಟ್ಟು ಚೀಟಿ ಎತ್ತಿಕೊಂಡಳು. ನಾಲ್ಕನೇ ಕ್ಲಾಸಿನ ಓದು ಅವಳಿಗೆ ಮರೆತಿರಲಿಲ್ಲ. ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

"ನಿಮ್ಮ ಕೈಗುಣ," ಅಂದಳು. ಇನ್ನೊಮ್ಮೆ ಓದಿದಳು. "ಯಾರ ಕೈ ಇದು?"

ನಾನು ಹೇಳಿದೆ. ಜಾಗ ಖಾಲಿ ಇದೆ ಅಂದದ್ದನ್ನೂ ಹೇಳಿದೆ. ಮುಚ್ಚಿಡಬಹುದಾಗಿತ್ತು, ಮುಚ್ಚಿಡಲಿಲ್ಲ. ನನ್ನ ಪರವಾಗಿ ಹೇಳಿಕೊಳ್ಳಲು ಇಷ್ಟೇ ಇದೆ. ಬಾಗಿಲಲ್ಲಿ ಕುಂತಿದ್ದ ಭಾವ ತಮಾಷೆ ಮಾಡಲಿಲ್ಲ. ಎದ್ದು ಹೊರಗೆ ಹೋದ.

"ಎಷ್ಟು ದಿನ ಆತು ಅವ್ರು ಹಂಗಂದು?"

"ಹನ್ನೊಂದು."

"ಹನ್ನೊಂದು ದಿನ ನನ್ನ ಕೈಲೆ ಉಂಡಿ," ಅಂದಳು. ದನಿ ಏರಿಸಲಿಲ್ಲ. "ಬಸ್ಸಿನಾಗ ನಾ ಹಿಂದ ಕುಂದ್ರತಿದ್ದೆ, ನೀ ಮುಂದ ಕುಂದ್ರತಿದ್ದಿ. ನಾ ಏನು ಬಂದು ನಿನ್ನ ತೊಡಿ ಮ್ಯಾಗ ಕುಂದ್ರತಿದ್ನೇನು?"

ಬಸ್ಸಿನ ವಿಷಯ ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತು. ಬಹುಶಃ ಆರು ತಿಂಗಳಿಂದ ಗೊತ್ತಿತ್ತು. ಗೊತ್ತಿದ್ದೂ "ಆಡಿಟ್ ನಡದೈತಿ" ಅಂದಾಗ ನಂಬಿದವಳ ಹಾಗೆ ಇದ್ದಳು.

ರೇಡಿಯೋವನ್ನು ನನ್ನ ಕಡೆ ಸರಿಸಿದಳು. "ಇದನ್ನ ನೀನೇ ಮಾಡು." ಮತ್ತೆ ಕಾಯಿಲ್ ಎತ್ತಿಕೊಂಡಳು.

ಮರುದಿನ ರೇಡಿಯೋ ಹಿಡಿದುಕೊಂಡು ನೇರ ಸಾಹೇಬರ ಆಫೀಸಿಗೆ ಹೋದೆ. ಅಕೌಂಟೆಂಟು ಅವತ್ತೂ ಅಲ್ಲೇ ಇದ್ದ. ಇರಲಿ ಅಂತ ಅವನ ಮುಂದೆಯೇ ಹೇಳಿದೆ. ಗೇಮು ನನ್ನ ಜೇಬಿನಿಂದ ಬಿದ್ದದ್ದಲ್ಲ, ಆಡುವಾಗ ಕೈಜಾರಿ ಬಿದ್ದದ್ದು. ರಿಪೇರಿ ಮಾಡಿದ್ದು ನಾನಲ್ಲ, ನಮ್ಮ ಅಕ್ಕ. ಆಕೆ ಚಿತ್ತವಾಡ್ಗಿಯಲ್ಲಿ ಮೋಟಾರ್ ಸುತ್ತುತ್ತಾಳೆ. ಆಕೆಗೆ ಆ ಕೆಲಸ ಬೇಕಾಗಿದೆ.

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ, "ಎಂಥ ಕೆಲಸ ಮಾಡಿದ್ರಿ ಮೇಷ್ಟ್ರೇ," ಅಂದರು. "ಮೊನ್ನೆ ಸೋಮವಾರ ಬಳ್ಳಾರಿಯಿಂದ ಒಬ್ಬ ಬಂದು ಸೇರ್ಕೊಂಡ. ಇನ್ನು ಆ ಸೆಕ್ಷನ್ನಲ್ಲಿ ಜಾಗ ಆಗೋದು ಯಾರಾದ್ರೂ ರಿಟೈರ್ ಆದ್ರೇನೇ." ಆಮೇಲೆ ರೇಡಿಯೋ ಕಡೆ ಕೈ ತೋರಿಸಿದರು. "ಅದನ್ನ ನಿಮ್ಮ ಅಕ್ಕನಿಗೇ ಕೊಡಿ. ಅವರ ಹೆಸರಲ್ಲೇ ಕೊಡಿ."

ಸಂಜೆ ಮನೆಗೆ ಬಂದಾಗ ಅಕ್ಕ ಸುತ್ತುತ್ತಿದ್ದಳು. ಬೀಜ ಬೀಳುವ ತನಕ ಬಾಗಿಲಲ್ಲಿ ನಿಂತೆ. ಅವತ್ತು ಆ ನೂರು ಸುತ್ತು ಮುಗಿಯುವುದು ಬೇಡ ಅನ್ನಿಸುತ್ತಿತ್ತು. ಟಕ್ ಅಂತು. ಮುಖ ಎತ್ತಿ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮುಖದಲ್ಲಿ ಓದಿಕೊಂಡಳು.

"ತುಂಬಿಬಿಟ್ರಾ?"

"ಹೂಂ. ಸೋಮವಾರ."

ಅವಳು ಎರಡೂ ಬಟ್ಟಲುಗಳನ್ನು ನೋಡಿದಳು. ಒಂದು ಬೀಜ ಹೆಚ್ಚು ಬಿದ್ದಿದೆಯೋ ಕಡಿಮೆಯೋ ಅಂತ ಎಣಿಸುವವಳ ಹಾಗೆ. "ರೇಡಿಯೋ ಅಲ್ಲಿಟ್ಟು ಕೈಕಾಲು ತೊಳಕೋ," ಅಂದಳು. ಎರಡು ದಿನದಲ್ಲಿ ರೇಡಿಯೋ ಮಾತಾಡಿತು. ಅದನ್ನು ಒಯ್ದು ಕೊಡುವಾಗ, "ನಮ್ಮಕ್ಕ ಮಾಡಿದ್ದು" ಅಂದೆ. ಅಷ್ಟು ಹೊತ್ತಿಗೆ ಆ ಮಾತಿಗೆ ಯಾವ ಬೆಲೆಯೂ ಇರಲಿಲ್ಲ.

ಆಮೇಲೆ ನಾನು ಬಸ್ಸಿನಲ್ಲಿ ಹಿಂದೆ ಕೂರತೊಡಗಿದೆ. ಬಸ್ಸಿನ ಕ್ಲೀನರ್ ಮೊದಲ ದಿನ ಗಾಬರಿಯಾಗಿ, "ಮೇಷ್ಟ್ರ, ಮುಂದ ಸೀಟ್ ಖಾಲಿ ಐತ್ರಿ, ಬರ್ರಿ," ಅಂದ. ಹಿಂದಿದ್ದವರು, "ಯಾಕ್ರಿ ಸರ, ಟಾವೆಲ್ ಒಗಿಯಾಕ ಹಾಕ್ಯಾರೇನು?" ಅಂತ ನಕ್ಕರು. ಬಿಳಿ ಅಂಗಿ ಬೆನ್ನಿನ ಕಡೆ ದಿನಾ ಕಪ್ಪಾಗುತ್ತಿತ್ತು. ಅದನ್ನು ಒಗೆಯುವವಳು ಅಕ್ಕನೇ ಅನ್ನುವುದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಒಂದು ದಿನ ಊಟಕ್ಕೆ ಕುಂತಾಗ ಭಾವ ಸಂಧಾನದ ದನಿಯಲ್ಲಿ ಅಕ್ಕನಿಗೆ ಹೇಳಿದ: "ನಿನ್ನ ತಮ್ಮ ಈಗ ಬಸ್ಸಿನಾಗ ಹಿಂದ ಕುಂದ್ರತಾನಂತ. ಸ್ಟಾಪಿನಾಗ ಮಂದಿ ಹೇಳಿದ್ರು."

ಅಕ್ಕ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಹಿಂದ ಕುಂತ್ರ ಏನಾತು?" ಅಂದಳು. "ಬಸ್ಸಿನಾಗ ನಾ ಇಲ್ಲಲ್ಲ."